ಪಾಪ, ಪಾಪು, ಅಯ್ಯೋ ಪಾಪ



ಪಾಪದ ಬಗ್ಗೆ ಒಂದು ಗಂಟೆ ಮಾತು ಕೇಳಲು ಜನ ತಾವಾಗಿಯೇ ಬಂದು ಕೂರುವುದು ಅಪರೂಪ. ಆ ತಾಳ್ಮೆಗೆ ಮೊದಲ ವಂದನೆ.

ಈ ವಿಷಯವನ್ನು ಕಾಡುಗೋಡಿಯಲ್ಲಿ ಎತ್ತಿಕೊಳ್ಳಲು ಕಾರಣವಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ಇಲ್ಲಿಯವರೆಗಿನ ಮೆಟ್ರೊ ಉದ್ಘಾಟನೆಯಾಯಿತು. ಕೊನೆಯ ನಿಲ್ದಾಣದ ಹೆಸರು ವೈಟ್‌ಫೀಲ್ಡ್. ಕಾಡುಗೋಡಿ ಎಂಬುದು ಆವರಣದೊಳಗೆ ಸೇರಿಕೊಂಡಿದೆ. ಊರಿನ ಹಳೆಯ ಹೆಸರು ಕಂಸದ ಪಾಲಾಯಿತೆಂದು ಕೆಲವರಿಗೆ ಬೇಸರವಿರಬಹುದು. ಇವತ್ತಿನ ಮಾತಿಗೆ ಮಾತ್ರ ಎರಡೂ ಹೆಸರು ಬೇಕು. ವೈಟ್‌ಫೀಲ್ಡ್ ಎಂಬ ಹೆಸರಿನ ಹಿಂದೆ ಅಪ್ಪ-ಅಮ್ಮ ಯಾರೆಂಬ ಕಾರಣಕ್ಕೇ ಬಾಗಿಲು ಮುಚ್ಚಿಸಿಕೊಂಡ ಜನರ ಕಥೆಯಿದೆ. ಕಾಡುಗೋಡಿಯ ಇಂದಿನ ಓಣಿಗಳಲ್ಲಿ, ಬಾಡಿಗೆ ಸಭಾಂಗಣಗಳಲ್ಲಿ, ‘ತಲೆಮಾರಿನ ಶಾಪ’ ಮುರಿಯುವ ಪ್ರಾರ್ಥನೆಗಳು ನಡೆಯುತ್ತಿವೆ. ಈ ಎರಡರ ನಡುವೆ ನೂರನಲವತ್ತು ವರ್ಷದ ಅಂತರ. ಪ್ರಶ್ನೆ ಮಾತ್ರ ಒಂದೇ: ಹಿರಿಯರು ಮಾಡಿದ್ದು ಕಿರಿಯರ ಲೆಕ್ಕಕ್ಕೆ ಬೀಳುತ್ತದೆಯೇ?

ಉಪನ್ಯಾಸ ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತದೆ. ಮೊದಲು ಮಾತು ಮತ್ತು ಶಾಸ್ತ್ರ. ಆಮೇಲೆ ಸಂತ ಅಗಸ್ಟೀನರ ಒಂದು ಓದು ಮತ್ತು ಅದರ ಉದ್ದನೆಯ ನೆರಳು. ಮೂರನೆಯದಾಗಿ, ಈ ವಿಚಾರ ದೇವಾಲಯದ ಹೊಸ್ತಿಲು ದಾಟಿ ಕಾನೂನಿನೊಳಗೂ ಜಾತಿಯೊಳಗೂ ಹೊಕ್ಕ ಬಗೆ. ಕೊನೆಗೆ ಗುಣವಾಗುವ ಮಾತು. ಸೈತಾನ, ನರಕ, ಅಂತ್ಯಕಾಲ ಇವನ್ನು ಮುಂದಿನ ವರ್ಷದ ಉಪನ್ಯಾಸಕರಿಗೆ ಬಿಟ್ಟುಕೊಡಲಾಗಿದೆ.

ಮೊದಲು ಮಾತು. ಕನ್ನಡದ ‘ಪಾಪ’ ಎಂಬ ಎರಡಕ್ಷರ ಮೂರು ಕೆಲಸ ಮಾಡುತ್ತದೆ. ತಪ್ಪು ಮಾಡಿದವನನ್ನು ಕಂಡು “ಪಾಪ ಮಾಡಿದ” ಎನ್ನುತ್ತಾರೆ. ಮಳೆಯಲ್ಲಿ ನೆನೆದು ಬಂದ ಡೆಲಿವರಿ ಹುಡುಗನನ್ನು ಕಂಡರೂ “ಪಾಪ” ಎನ್ನುತ್ತಾರೆ. ತೊಟ್ಟಿಲಲ್ಲಿ ಮಲಗಿರುವುದೂ ಪಾಪು. ನುಡಿಯ ಇತಿಹಾಸ ಬಲ್ಲವರು ಇವುಗಳ ಮೂಲ ಬೇರೆಬೇರೆ ಎನ್ನುತ್ತಾರೆ. ತಪ್ಪಿನ ಪಾಪ ಸಂಸ್ಕೃತದ್ದು. ಕೂಸಿನ ಪಾಪು, ಕಣ್ಣಿನ ಪಾಪೆ ದ್ರಾವಿಡದ ಮನೆಯವು. ಆದರೆ ಕಿವಿಗೆ ಮೂಲದ ಗೊಡವೆಯಿಲ್ಲ. ಅಪರಾಧ, ಕನಿಕರ, ಹಸುಗೂಸು, ಮೂರೂ ಕನ್ನಡಿಗರ ಬಾಯಲ್ಲಿ ಒಂದೇ ಸದ್ದಿನಲ್ಲಿ ಕೂತಿವೆ. ಕ್ರೈಸ್ತ ದೇವಶಾಸ್ತ್ರಜ್ಞರು ಹದಿನಾರು ಶತಮಾನಗಳಿಂದ ಜಗಳವಾಡುತ್ತಿರುವುದು ಈ ಮೂರರ ಸಂಬಂಧದ ಬಗ್ಗೆಯೇ. ಪಾಪು ಪಾಪಿಯೋ, ಅಯ್ಯೋ ಪಾಪವೋ?

ಹುಟ್ಟಿದ ಕೂಸಿಗೂ ಅಂಟಿರುತ್ತದೆನ್ನುವ ಪಾಪವನ್ನು ಕಥೋಲಿಕರು ಜನ್ಮಪಾಪ ಎನ್ನುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮೂಲಪಾಪ ಎಂಬ ಮಾತು ಹೆಚ್ಚು. ಜನ್ಮಪಾಪ ಎಂದಕೂಡಲೇ ಪಕ್ಕದ ಮನೆಯವರಿಗೆ ಹಿಂದಿನ ಜನ್ಮದ ಪಾಪ ಎಂದು ಕೇಳಿಸುತ್ತದೆ. ಅವರ ತಪ್ಪೇನಿಲ್ಲ. ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಕಾದಂಬರಿಗೆ ಹೆಸರಿಟ್ಟಾಗ ಓದುಗರಿಗೆ ವಿವರಣೆ ಬೇಕಾಗಲಿಲ್ಲ. ಮಾಡಿದವನೇ ಉಣ್ಣಬೇಕು, ಈ ಜನ್ಮದಲ್ಲಿ ತಪ್ಪಿದರೆ ಮುಂದಿನದರಲ್ಲಿ. ಜನ್ಮಪಾಪದ ಲೆಕ್ಕವೇ ಬೇರೆ. ಇಲ್ಲಿ ಮಾಡಿದವನು ಆದಾಮ, ಉಣ್ಣುವವರು ಮಿಕ್ಕವರೆಲ್ಲ. ಕರ್ಮದ ನ್ಯಾಯಕ್ಕೆ ಒಗ್ಗಿದ ಕಿವಿಗೆ ಇದು ಸೀದಾ ಅನ್ಯಾಯದಂತೆ ಕೇಳಿಸುತ್ತದೆ. ಆ ಆಕ್ಷೇಪ ಹೊರಗಿನವರದ್ದು ಮಾತ್ರವಲ್ಲ. ಬೈಬಲಿನ ಒಳಗಿನಿಂದಲೇ ಅದು ಎದ್ದಿದೆ.

ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅವರು ಹೀಬ್ರೂ, ಗ್ರೀಕಿನ ಮಾತಿಗೆ ‘ಪಾಪ’ವನ್ನು ಆರಿಸಿಕೊಂಡರು. ಎರಡೂ ಮೂಲಭಾಷೆಗಳಲ್ಲಿ ಆ ಪದದ ಬೇರಿನಲ್ಲಿರುವ ಅರ್ಥ ಗುರಿ ತಪ್ಪುವುದು. ಬಾಣ ಬಿಟ್ಟೆ, ಹಣ್ಣಿಗೆ ತಾಗದೆ ಎಲೆಗೆ ತಾಗಿತು, ಅಂಥದ್ದು. ಸ್ವಾರಸ್ಯವೆಂದರೆ, ಆದಾಮ-ಹವ್ವರ ಕಥೆಯಿರುವ ಆದಿಕಾಂಡದ 3ನೇ ಅಧ್ಯಾಯದಲ್ಲಿ ಪಾಪ ಎಂಬ ಪದವೇ ಇಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು 4ನೇ ಅಧ್ಯಾಯದಲ್ಲಿ, ಕಾಯಿನ ತಮ್ಮನನ್ನು ಕೊಲ್ಲುವ ಮುಂಚೆ. ಹಣ್ಣು ಸೇಬೆಂದೂ ಎಲ್ಲೂ ಬರೆದಿಲ್ಲ. ಬರೆದಿರುವುದು ಮುಳ್ಳು, ಬೆವರು, ಹೆರಿಗೆಯ ನೋವು, ಮಣ್ಣಿಗೆ ಮರಳುವ ಮೈ. ಇನ್ನೊಂದು ಸಣ್ಣ ಸಂಗತಿಯೂ ಇದೆ, ಪ್ರಸಂಗಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವಂಥದ್ದು: ತೋಟದಿಂದ ಹೊರಗೆ ಕಳಿಸುವ ಮುಂಚೆ ದೇವರೇ ಆ ಇಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ತೀರ್ಪು ಕೊಟ್ಟ ಕೈಯೇ ಬಟ್ಟೆಯನ್ನೂ ಹೊಲಿಯಿತು.

ಮುಂದೆ ವಿಮೋಚನಕಾಂಡದಲ್ಲಿ ತಂದೆಗಳ ದೋಷ ಮೂರು ನಾಲ್ಕು ತಲೆಗಳವರೆಗೆ ಮಕ್ಕಳನ್ನು ಮುಟ್ಟುವ ಮಾತಿದೆ. ಶಾಪ ಮುರಿಯುವ ಪ್ರಾರ್ಥನೆಯವರ ಮುಖ್ಯ ಆಧಾರ ಇದೇ. ಆದರೆ ಬಾಬಿಲೋನಿನ ಸೆರೆಯಲ್ಲಿ ಕೂತಿದ್ದ ಪ್ರವಾದಿ ಯೆಹೆಜ್ಕೇಲ, ಅಪ್ಪ ಹುಳಿದ್ರಾಕ್ಷಿ ತಿಂದರೆ ಮಗನ ಹಲ್ಲು ಚುಳ್ಳೆನ್ನುತ್ತದೆ ಎಂಬ ಗಾದೆಯನ್ನು ಇನ್ನು ಯಾರೂ ಆಡಕೂಡದೆಂದು 18ನೇ ಅಧ್ಯಾಯದಲ್ಲಿ ಕಟ್ಟುನಿಟ್ಟಾಗಿ ಸಾರುತ್ತಾನೆ. ಮಗ ಅಪ್ಪನ ದೋಷ ಹೊರುವುದಿಲ್ಲ, ಅಪ್ಪ ಮಗನದ್ದು ಹೊರುವುದಿಲ್ಲ. ಶಾಸ್ತ್ರಗ್ರಂಥ ಇಲ್ಲಿ ತನ್ನೊಂದಿಗೇ ವಾದಕ್ಕಿಳಿದಿದೆ. ಆ ವಾದವನ್ನು ಮುಚ್ಚಿಡದೆ ಎರಡೂ ಪುಟಗಳನ್ನು ಉಳಿಸಿಕೊಂಡಿದ್ದು ಅದರ ದೊಡ್ಡಗುಣ.

ಇನ್ನು ಎರಡನೆಯ ಭಾಗ.

ಉತ್ತರ ಆಫ್ರಿಕಾದ ತಗಸ್ತೆಯಲ್ಲಿ 354ರಲ್ಲಿ ಹುಟ್ಟಿದ ಅಗಸ್ಟೀನ್ ಹದಿನಾರರ ಹರೆಯದಲ್ಲಿ ಗೆಳೆಯರ ಜೊತೆ ಪಕ್ಕದ ತೋಟದ ಪೇರ್ ಹಣ್ಣು ಕದ್ದರು. ಹಸಿವಿಗಲ್ಲ, ಕದ್ದದ್ದನ್ನು ಹಂದಿಗಳಿಗೆ ಎಸೆದರು. ಕದಿಯುವ ಸುಖಕ್ಕಾಗಿಯೇ ಕದ್ದೆ ಎಂಬ ಅರಿವು ಅವರನ್ನು ಬದುಕಿಡೀ ಕಾಡಿತು. ಅದೇ ಆತ್ಮಕಥೆಯಲ್ಲಿ ಅವರು ಒಂದು ಹಸುಗೂಸನ್ನೂ ನೆನೆಯುತ್ತಾರೆ. ಇನ್ನೂ ಮಾತು ಬಾರದ ಆ ಕೂಸು, ತನ್ನ ತಾಯಿಯ ಹಾಲು ಕುಡಿಯುತ್ತಿದ್ದ ಇನ್ನೊಂದು ಕೂಸನ್ನು ಮುಖ ಬಿಳಿಚಿಕೊಂಡು ಹೊಟ್ಟೆಕಿಚ್ಚಿನಿಂದ ನೋಡುತ್ತಿತ್ತಂತೆ. ಎರಡು ಮಕ್ಕಳ ಮನೆಯಲ್ಲಿ ಇದನ್ನು ಕಾಣದವರಿಲ್ಲ. ಅಮ್ಮಂದಿರು ನಕ್ಕು ಸುಮ್ಮನಾಗುತ್ತಾರೆ, ಅಗಸ್ಟೀನರು ನಗಲಿಲ್ಲ. ಕೆಡುಕು ಕಲಿತು ಬರುವುದಲ್ಲ, ಹುಟ್ಟಿನೊಂದಿಗೇ ಬಂದಿರುತ್ತದೆ ಎಂದು ಅವರಿಗನ್ನಿಸಿತು.

ಅದಕ್ಕೆ ಆಧಾರವಾಗಿ ಸಿಕ್ಕಿದ್ದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 12ನೇ ವಚನ. ಗ್ರೀಕ್ ಮೂಲದ ಅರ್ಥ, ಎಲ್ಲರೂ ಪಾಪಮಾಡಿದ ಕಾರಣ ಸಾವು ಎಲ್ಲರಿಗೂ ಹರಡಿತೆಂಬುದು. ಕನ್ನಡ ಬೈಬಲ್ ಕೂಡ ಇದನ್ನೇ ಹಿಡಿದಿದೆ. ಅಗಸ್ಟೀನರಿಗೆ ಗ್ರೀಕ್ ಅಷ್ಟಕ್ಕಷ್ಟೆ. ಅವರು ಓದಿದ ಲ್ಯಾಟಿನ್ ಅನುವಾದದಲ್ಲಿ ‘ಕಾರಣ’ ಎಂಬಲ್ಲಿ ‘ಅವನಲ್ಲಿ’ ಎಂದು ಓದಲು ಆಸ್ಪದವಿತ್ತು. ಎಲ್ಲರೂ ಆದಾಮನಲ್ಲಿಯೇ ಪಾಪಮಾಡಿದರು, ಅವನ ಸೊಂಟದಲ್ಲಿ ಬೀಜವಾಗಿದ್ದಾಗಲೇ ಅಪರಾಧಿಗಳಾದರು ಎಂದು ಅರ್ಥ ಹೊರಟಿತು. ಎರಡು ಪದದ ಅನುವಾದ ಪಶ್ಚಿಮದ ಕ್ರೈಸ್ತ ಲೋಕವನ್ನೇ ಒಂದು ಕಡೆಗೆ ವಾಲಿಸಿತು. ಅನುವಾದಕರಿಗೆ ಗೌರವಧನ ಕೊಡುವಾಗ ಚೌಕಾಸಿ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಬ್ರಿಟನ್ನಿನಿಂದ ಬಂದಿದ್ದ ಪೆಲೇಜಿಯಸ್ ಎಂಬ ತಪಸ್ವಿ ಇದನ್ನು ಒಪ್ಪಲಿಲ್ಲ. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ, ಆದಾಮ ಬಿಟ್ಟುಹೋದದ್ದು ಕೆಟ್ಟ ಮೇಲ್ಪಂಕ್ತಿಯನ್ನಷ್ಟೇ ಎಂಬುದು ಅವರ ಬಳಗದ ವಾದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರು ಪೆಲೇಜಿಯಸನನ್ನು ತಳ್ಳಿಹಾಕಿದರು. ಕೂಸುಗಳಿಗೂ ಪಾಪಕ್ಷಮೆಗಾಗಿಯೇ ಸ್ನಾನದೀಕ್ಷೆ ಎಂದು ಸಾರಿದರು. ಇದರ ಬೆನ್ನಿಗೇ ಕಠಿಣ ಪ್ರಶ್ನೆ ಬಂತು. ದೀಕ್ಷೆ ಆಗುವ ಮುಂಚೆ ಸತ್ತ ಕೂಸಿನ ಗತಿ? ಅಗಸ್ಟೀನರ ಉತ್ತರ, ಶಿಕ್ಷೆಗಳಲ್ಲೆಲ್ಲ ಅತಿ ಸೌಮ್ಯವಾದ ಶಿಕ್ಷೆ. ಅದೂ ಶಿಕ್ಷೆಯೇ. ಮಧ್ಯಯುಗದ ಪಂಡಿತರಿಗೆ ಇದನ್ನು ನುಂಗಲಾಗದೆ, ದುಃಖವೂ ಇಲ್ಲದ ದೇವರ ದರ್ಶನವೂ ಇಲ್ಲದ ‘ಲಿಂಬೊ’ ಎಂಬ ಅಂಚಿನ ತಾಣವನ್ನು ಕಲ್ಪಿಸಿದರು. 1917ರ ಕಥೋಲಿಕ ಧರ್ಮಸಂಹಿತೆಯ ಪ್ರಕಾರ ದೀಕ್ಷೆಯಿಲ್ಲದೆ ಸತ್ತವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇರಲಿಲ್ಲ. ಹೆತ್ತ ತಾಯಿ ಇನ್ನೂ ಬಾಣಂತಿ ಮಂಚದಲ್ಲಿರುವಾಗ ಅಪ್ಪನೊಬ್ಬನೇ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಹೋಗಿ ಸ್ಮಶಾನದ ಬೇಲಿಯ ಹೊರಗೆ ಜಾಗ ಹುಡುಕಬೇಕಾದರೆ, ಅದರ ಹಿಂದಿದ್ದದ್ದು ಲ್ಯಾಟಿನಿನ ಎರಡು ಪದ.

ಪೂರ್ವದ ಧರ್ಮಸಭೆಗಳು ಬೇರೆ ದಾರಿ ಹಿಡಿದವು. ಗ್ರೀಕ್ ಅವರ ಮನೆಮಾತಾದ್ದರಿಂದ ಅವರಿಗೆ ಆ ಓದು ಎದುರಾಗಲೇ ಇಲ್ಲ. ಆದಾಮನಿಂದ ಬಂದಿರುವುದು ಸಾವು, ನಶ್ವರತೆ, ಬಾಡಿದ ಮನಸ್ಸು. ಅಪರಾಧದ ಹೊರೆಯಲ್ಲ ಎಂಬುದು ಆರ್ಥೊಡಾಕ್ಸ್ ಪರಂಪರೆಯ ನಿಲುವು. ಎರಡನೆಯ ಶತಮಾನದ ಐರೇನಿಯಸ್ ಅಂತೂ ಆದಾಮ-ಹವ್ವರನ್ನೇ ಮಕ್ಕಳೆಂದು ಕರೆದ. ಬೆಳೆಯುವ ಮುಂಚೆ ಎಡವಿದ ಮಕ್ಕಳು, ಅಂದರೆ ಪಾಪುಗಳು! ಎರಡನೆಯ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಇಗ್ನೇಷಿಯಸ್ ಪ್ರಭುಭೋಜನವನ್ನು ಅಮರತ್ವದ ಮದ್ದು ಎಂದಿದ್ದ. 373ರಲ್ಲಿ ತೀರಿಕೊಂಡ ಸುರಿಯಾನಿ ಕವಿ ಎಫ್ರೇಮನಿಗೆ ಕ್ರಿಸ್ತ ವೈದ್ಯ, ಪ್ರಸಾದ ಜೀವದ ಔಷಧಿ. ಈ ಸುರಿಯಾನಿ ಪರಂಪರೆ ದೂರದ್ದೇನಲ್ಲ. ವೈಟ್‌ಫೀಲ್ಡಿನ ಐ.ಟಿ. ಪಾರ್ಕುಗಳಲ್ಲಿ ದುಡಿಯುವ ಎಷ್ಟೋ ಮಲಯಾಳಿ ಮನೆಗಳ ಪ್ರಾರ್ಥನೆಯಲ್ಲಿ ಅದು ಇಂದಿಗೂ ಉಸಿರಾಡುತ್ತಿದೆ.

ಸುಧಾರಣೆಯ ಕಾಲವನ್ನು ಇಲ್ಲಿ ಬೇಗ ದಾಟಬಹುದು. ಲೂಥರ್, ಕ್ಯಾಲ್ವಿನ್ ಇಬ್ಬರೂ ಅಗಸ್ಟೀನರನ್ನು ಇನ್ನಷ್ಟು ಬಿಗಿಯಾಗಿ ಓದಿದರು. 1546ರ ಟ್ರೆಂಟ್ ಮಹಾಸಭೆ, ದೀಕ್ಷೆಯ ಬಳಿಕವೂ ಉಳಿಯುವ ಕೆಟ್ಟ ಸೆಳೆತ ಸ್ವತಃ ಪಾಪವಲ್ಲ ಎಂದಿತು. ಲೂಥರ್ ಕಡೆಯವರು ಅದೂ ಪಾಪವೇ ಎಂದರು. ಮುಖ್ಯ ತಿರುವು ಬಂದದ್ದು ನಮ್ಮ ಕಾಲದಲ್ಲಿ. 1983ರ ಹೊಸ ಧರ್ಮಸಂಹಿತೆಯ 1183ನೇ ಕಲಮು, ದೀಕ್ಷೆ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಕೂಸಿಗೆ ಅಂತ್ಯಕ್ರಿಯೆಯ ಬಾಗಿಲು ತೆರೆಯಿತು. 1992ರ ಧರ್ಮೋಪದೇಶ ಗ್ರಂಥ, ಜನ್ಮಪಾಪ ಯಾರದೇ ಸ್ವಂತ ತಪ್ಪಿನ ಸ್ವರೂಪದ್ದಲ್ಲ, ಅದು ಮಾಡಿದ ಕೃತ್ಯವಾಗಿರದೆ ಒಂದು ಸ್ಥಿತಿ ಎಂದು ಸ್ಪಷ್ಟಪಡಿಸಿತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ, ದೀಕ್ಷೆಯಿಲ್ಲದೆ ಸತ್ತ ಕೂಸುಗಳು ದೇವರನ್ನು ಸೇರುತ್ತವೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದಿತು. ಅಧಿಕೃತ ಸಿದ್ಧಾಂತ ಎಂದೂ ಆಗಿರದ ಲಿಂಬೊ ಸದ್ದಿಲ್ಲದೆ ಹಿಂದೆ ಸರಿಯಿತು. ಪಶ್ಚಿಮವೂ ಕೊನೆಗೆ “ಅಯ್ಯೋ ಪಾಪ” ಅಂದಿತು, ತಡವಾಗಿ.

ಸ್ಥಿತಿ ಎಂದರೇನು? ಉದಾಹರಣೆಗೆ ದೂರ ಹೋಗಬೇಕಿಲ್ಲ. ವೈಟ್‌ಫೀಲ್ಡಿನಲ್ಲಿ 2001ರಿಂದ ಇರುವ ಸತ್ಯಸಾಯಿ ಉನ್ನತ ವೈದ್ಯಕೀಯ ಸಂಸ್ಥೆಯಲ್ಲಿ ಹೃದ್ರೋಗಿಗಳಿಗೆ ಹಣ ಪಡೆಯದೆ ಚಿಕಿತ್ಸೆ ಕೊಡುತ್ತಾರೆ. ಹುಟ್ಟುವಾಗಲೇ ಹೃದಯದಲ್ಲಿ ತೂತಿರುವ ಕೂಸನ್ನು ತಾಯಿ ಅಂಥ ಆಸ್ಪತ್ರೆಗೆ ತರುತ್ತಾಳೆ. ತೂತು ನಿಜ. ಬಿಟ್ಟರೆ ಜೀವಕ್ಕೇ ಕುತ್ತು. ಕೂಸು ಅದನ್ನು ಮಾಡಿಕೊಂಡದ್ದಲ್ಲ. ತಾನಾಗಿ ಸರಿಮಾಡಿಕೊಳ್ಳಲೂ ಆಗದು. ಶಸ್ತ್ರವೈದ್ಯರು ತಪ್ಪು ಯಾರದೆಂದು ಕೇಳುತ್ತ ಕೂರುವುದಿಲ್ಲ. ಆ ಸಂಸ್ಥೆ ಕ್ರೈಸ್ತರದ್ದಲ್ಲ, ಆದರೂ ಜನ್ಮಪಾಪವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಈ ಉಪನ್ಯಾಸಕನಿಗೆ ಸಿಕ್ಕಿಲ್ಲ. ಪೆಲೇಜಿಯಸ್ ತೂತೇ ಇಲ್ಲವೆಂದ. ಅಗಸ್ಟೀನರು ತೂತನ್ನು ಸರಿಯಾಗಿಯೇ ಕಂಡರು, ಆದರೆ ಕೂಸಿನ ಮೇಲೆ ಮೊಕದ್ದಮೆ ಹೂಡಿದರು.

ಈಗ ಮೂರನೆಯ ಭಾಗಕ್ಕೆ, ಈ ಊರಿಗೇ ಬರೋಣ.

ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1791ರಲ್ಲಿ ಒಂದು ಆಜ್ಞೆ ಹೊರಡಿಸಿದರು. ಭಾರತೀಯ ತಾಯಿಗೆ ಹುಟ್ಟಿದ ಮಗನಿಗೆ ಕಂಪನಿಯ ನಾಗರಿಕ, ಸೈನಿಕ, ನೌಕಾ ಹುದ್ದೆಗಳಿಲ್ಲ. ಅಪ್ಪ ಕಂಪನಿಯ ಅಧಿಕಾರಿಯೇ ಆಗಿದ್ದರೂ ಅಷ್ಟೆ. ಮದುವೆಯಾಗಿಯೋ ಆಗದೆಯೋ ಸಂಸಾರ ಹೂಡಿದವರು ಹಿರಿಯರು, ಬಾಗಿಲು ಮುಚ್ಚಿದ್ದು ಮಕ್ಕಳಿಗೆ. ಇತ್ತ ಭಾರತೀಯ ಸಮಾಜವೂ ಅವರನ್ನು ಬೆರಕೆಯವರೆಂದು ದೂರವಿಟ್ಟಿತು. ಈ ಯುರೇಷಿಯನ್ನರ ಪರವಾಗಿ ದುಡಿದವರು ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ‌ಕ್ಕೆ 3,900 ಎಕರೆ ಭೂಮಿ ಕೊಟ್ಟರು. ವೈಟ್ ಅವರ ಹೆಸರಿನ ವಸಾಹತು ಎದ್ದದ್ದು ಹೀಗೆ. ಒಕ್ಕಲುತನ ಮಾಡಿಕೊಂಡು ತಲೆಯೆತ್ತಿ ಬದುಕುವುದು ಅವರ ಕನಸು. ಇಂದು ಎಕರೆಗೆ ಎಷ್ಟೆಂದು ದಲ್ಲಾಳಿಗಳು ಕೇಳುವ ಈ ನೆಲ, ಹುಟ್ಟನ್ನೇ ಕಳಂಕವೆಂದು ಹೊರಿಸಿಕೊಂಡವರ ಆಸರೆಯಾಗಿತ್ತು. 1911ರ ಜನಗಣತಿಯಲ್ಲಿ ‘ಯುರೇಷಿಯನ್’ ಹೋಗಿ ‘ಆಂಗ್ಲೋ-ಇಂಡಿಯನ್’ ಬಂತು. ಸಂವಿಧಾನದ 366ನೇ ವಿಧಿಯಲ್ಲಿ ಆ ಹೆಸರಿಗೆ ವ್ಯಾಖ್ಯೆಯೂ ದೊರೆಯಿತು.

ಅದೇ 1882ರಲ್ಲಿ ಮುಂಬಯಿಯ ಬಂದರಿಗೆ ಇನ್ನೊಬ್ಬರು ಬಂದಿಳಿದರು. ಐ.ಸಿ.ಎಸ್. ಕೆಲಸ ಬಿಟ್ಟು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ ಸೇರಿದ್ದ ಫ್ರೆಡರಿಕ್ ಬೂತ್-ಟಕ್ಕರ್. ಅಷ್ಟು ಹೊತ್ತಿಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಜಾರಿಯಲ್ಲಿತ್ತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಆ ಕಾಯ್ದೆಯ ಹಿಂದಿನ ತರ್ಕ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆಯನ್ನು ಸರ್ಕಾರ ಕಲಮುಗಳಲ್ಲಿ ಬರೆದಿಟ್ಟಂತಾಯಿತು. ಕನ್ನಡ ನಾಡಿನ ಕೊರಚರು, ಗಂಟಿಚೋರರು ಇದರ ಬಲೆಗೆ ಬಿದ್ದರು. ಗಂಟಿಚೋರ ಎಂಬ ಹೆಸರನ್ನೇ ನೋಡಿ: ಗಂಟು ಕದಿಯುವವ ಎಂದು ತೊಟ್ಟಿಲಿನ ಕೂಸಿಗೂ ಅಂಟಿಸಿದ ಚೀಟಿ. ಅವರನ್ನು ಬೇಲಿಯೊಳಗೆ ಕೂಡಿಹಾಕಿದ ವಸಾಹತಿನ ನೆನಪು ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಬಡಾವಣೆಯ ಹೆಸರಿನಲ್ಲಿ ಇನ್ನೂ ಇದೆ.

ಬೂತ್-ಟಕ್ಕರ್ ಈ ಜನರನ್ನು ದ್ವೇಷಿಸಲಿಲ್ಲ. ಅವರನ್ನು ಗುಣಪಡಿಸಬಹುದೆಂದು ನಂಬಿದರು. ‘ಕ್ರಿಮಿನೊಕ್ಯೂರಾಲಜಿ’, ಅಂದರೆ ಅಪರಾಧ-ಚಿಕಿತ್ಸಾಶಾಸ್ತ್ರ, ಎಂಬ ಪುಸ್ತಕವನ್ನೇ ಬರೆದರು. ಅವರ ಸಂಸ್ಥೆ ಹಲವು ವಸಾಹತುಗಳನ್ನು ನಡೆಸಿತು. ಆಂಧ್ರದ ಸ್ಟುವರ್ಟ್‌ಪುರಂ ಅವುಗಳಲ್ಲಿ ಹೆಸರಾದದ್ದು. ಶಾಲೆ, ನೇಯ್ಗೆ, ಬೇಸಾಯ ಎಲ್ಲವೂ ಇತ್ತು. ಹಾಜರಿ ಪುಸ್ತಕವೂ ಇತ್ತು, ಪೊಲೀಸರೂ ಇದ್ದರು. ಔಷಧಿಯ ಭಾಷೆ ಆಡಿದ ಮಾತ್ರಕ್ಕೆ ಕರುಣೆ ಬಂದುಬಿಡುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇಲ್ಲದ ರೋಗವನ್ನು ಹುಟ್ಟಿಗೆ ಅಂಟಿಸಿ ಕೊಡುವ ಮದ್ದು ಸೆರೆಮನೆಗಿಂತ ಕೆಟ್ಟದ್ದಾಗಬಹುದು. ಸೆರೆವಾಸಕ್ಕೆ ಕೊನೆಪಕ್ಷ ಅವಧಿ ಇರುತ್ತದೆ. 1952ರ ಆಗಸ್ಟ್ 31ರಂದು ಆ ಸಮುದಾಯಗಳನ್ನು ಪಟ್ಟಿಯಿಂದ ಬಿಡುಗಡೆ ಮಾಡಲಾಯಿತು. ‘ಡಿನೋಟಿಫೈಡ್’ ಎಂಬ ಹೆಸರು ಮತ್ತೆ ಅಂಟಿಕೊಂಡಿತು.

ಹುಟ್ಟಿನ ಕಳಂಕದ ಮಾತು ಜಾತಿಯನ್ನು ಮುಟ್ಟದೆ ಮುಗಿಯುವುದಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣವೊಂದನ್ನು ದಲಿತ ದೇವಶಾಸ್ತ್ರದ ಆರಂಭವೆಂದು ಗುರುತಿಸುತ್ತಾರೆ. ಆ ಚಿಂತನೆ ಬೆಳೆದಂತೆ ಒಂದು ಚೂಪಾದ ಪ್ರಶ್ನೆ ಎದುರಾಯಿತು. ಹುಟ್ಟಿನಿಂದಲೇ ಮೈಲಿಗೆ ಎನ್ನಿಸಿಕೊಂಡವನು ಆ ಮಾತಿನಿಂದ ತಪ್ಪಿಸಿಕೊಳ್ಳಲು ದೇವಾಲಯಕ್ಕೆ ಬಂದರೆ, ಅಲ್ಲಿ ಮೊದಲು ಕೇಳಿಸುವುದು ನೀನು ಹುಟ್ಟಿನಿಂದಲೇ ಪಾಪಿ ಎಂಬ ಮಾತಾಗಬೇಕೇ? ಪಾಪ ಮಾಡಿದವರ ಬಗ್ಗೆ ಶಾಸ್ತ್ರ ಬೆಟ್ಟದಷ್ಟಿದೆ. ಪಾಪಕ್ಕೆ ಗುರಿಯಾದವರ ಬಗ್ಗೆ ಬಹುಕಾಲ ಬರೆದದ್ದು ಕಡಿಮೆ. ಆದರೂ ಈ ಸಿದ್ಧಾಂತದಲ್ಲಿ ಒಂದು ಸಮಾನತೆಯ ಬೀಜವೂ ಇದೆ. ಆದಾಮನ ಸಾಲಿನಲ್ಲಿ ಶುದ್ಧ ಕುಲ ಎಂಬುದಿಲ್ಲ. ಬಿಷಪನೂ ಜಮೀನ್ದಾರನೂ ಕೂಲಿಯವನೂ ಒಂದೇ ನೀರಿನಲ್ಲಿ ಮುಳುಗಿ ಏಳಬೇಕು. ದೀಕ್ಷೆಯ ತೊಟ್ಟಿಯಲ್ಲಿ ಒಪ್ಪಿಕೊಂಡ ಈ ಮಾತನ್ನು ಮದುವೆಯ ಮಾತುಕತೆಯಲ್ಲಿ ಎಷ್ಟು ಕ್ರೈಸ್ತ ಮನೆಗಳು ನೆನಪಿಟ್ಟುಕೊಳ್ಳುತ್ತವೆ ಎಂಬುದು ಸಭಿಕರಿಗೇ ಚೆನ್ನಾಗಿ ಗೊತ್ತು.

ಕೊನೆಯ ಭಾಗ, ಗುಣವಾಗುವುದು. ಸುವಾರ್ತೆಗಳ ಗ್ರೀಕಿನಲ್ಲಿ ರಕ್ಷಿಸು, ಗುಣಪಡಿಸು ಎಂಬ ಎರಡಕ್ಕೂ ಒಂದೇ ಕ್ರಿಯಾಪದ ಬಳಕೆಯಾಗಿದೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ಕಂಡು, ಇವನ ಪಾಪವೋ ಹೆತ್ತವರದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎಂದ ಯೇಸು ಮಣ್ಣು ಕಲಸಿ ಕಣ್ಣಿಗೆ ಹಚ್ಚುತ್ತಾನೆ. ಗಮನಿಸಬೇಕು: ಶಿಷ್ಯರಿಗೆ ಆ ಮನುಷ್ಯ ಚರ್ಚೆಯ ವಿಷಯವಾಗಿದ್ದ, ಯೇಸುವಿಗೆ ಗುಣಪಡಿಸಬೇಕಾದವನಾಗಿದ್ದ.

ಕುಷ್ಠರೋಗದ ಚರಿತ್ರೆ ಇದೇ ಪ್ರಶ್ನೆಯ ಚರಿತ್ರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಡೇನಿಯಲ್‌ಸನ್ ಎಂಬ ದೊಡ್ಡ ವೈದ್ಯ, ಇದು ವಂಶದಿಂದ ಬರುವ ರೋಗವೆಂದು ಸಾಧಿಸಿದ್ದರು. 1873ರಲ್ಲಿ ಬರ್ಗನ್ ಊರಿನಲ್ಲಿ ರೋಗಾಣುವನ್ನು ಕಂಡು ಆ ವಾದವನ್ನು ಉರುಳಿಸಿದ ಹ್ಯಾನ್ಸನ್ ಅದೇ ವರ್ಷ ಡೇನಿಯಲ್‌ಸನ್ನರ ಮಗಳನ್ನು ಮದುವೆಯಾದರು! ಮಾವನ ಸಿದ್ಧಾಂತ ಅಳಿಯನಿಂದ ಹೋಯಿತು. ಜನರ ಮನಸ್ಸಿನಿಂದ ಹೋಗಲಿಲ್ಲ. ಪೀಣ್ಯದಿಂದ ದೂರವಲ್ಲದ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ, 1970ರ ದಶಕದ ಕೊನೆಯಿಂದ ಕಥೋಲಿಕ ಧರ್ಮಸಭೆ ಕುಷ್ಠ ತಗುಲಿದವರ ಪುನರ್ವಸತಿ ನಡೆಸಿಕೊಂಡು ಬಂದಿದೆ. ಅಲ್ಲಿ ಮೈ ವಾಸಿಯಾದವರು ಚರ್ಮದ ಸಾಮಾನು ಮಾಡಲು ಕಲಿತರು. ಆದಿಕಾಂಡದ ಚರ್ಮದ ಅಂಗಿ ನೆನಪಾದರೆ ತಪ್ಪಿಲ್ಲ. ಅಷ್ಟಾದರೂ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾಗಲು 2016 ಬರಬೇಕಾಯಿತು. ಕುಷ್ಠವನ್ನು ವಿಚ್ಛೇದನದ ಕಾರಣವೆಂದು ಒಪ್ಪಿದ್ದ ಕಾನೂನುಗಳಲ್ಲಿ ಕ್ರೈಸ್ತರ 1869ರ ವಿಚ್ಛೇದನ ಕಾಯ್ದೆಯೂ ಸೇರಿತ್ತು; ಆ ಮಾತನ್ನು ಸಂಸತ್ತು ಅಳಿಸಿದ್ದು 2019ರಲ್ಲಿ. ಗುಣಪಡಿಸುವ ಯೇಸುವಿನ ಹೆಸರಿನಲ್ಲಿ ಮದುವೆಯಾದವರ ಕಾನೂನು ಇದು ಎಂಬುದನ್ನು ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು.

ಇನ್ನು ತಲೆಮಾರಿನ ಶಾಪದ ಪ್ರಾರ್ಥನೆಗಳು. ಆಂಗ್ಲಿಕನ್ ಮನೋವೈದ್ಯ ಕೆನೆತ್ ಮೆಕಾಲ್ 1982ರಲ್ಲಿ ಪ್ರಕಟಿಸಿದ ಪುಸ್ತಕದಿಂದ ವಂಶವೃಕ್ಷ ಗುಣಪಡಿಸುವ ಪದ್ಧತಿ ಹಬ್ಬಿತು. ರೋಗಿಯ ಮನೆತನದ ನಕ್ಷೆ ಬರೆದು, ಆತ್ಮಹತ್ಯೆ, ಗರ್ಭಪಾತ, ಮಾಟದ ಗುರುತು ಹುಡುಕಿ, ಸತ್ತವರಿಗಾಗಿ ಪ್ರಾರ್ಥಿಸುವ ಕ್ರಮ ಅದು. ಕಥೋಲಿಕ ಕೃಪಾಭಿಷೇಕ ಕೂಟಗಳು, ಪೆಂಟೆಕೊಸ್ತ ಸಭೆಗಳು ಬೇರೆಬೇರೆ ರೂಪದಲ್ಲಿ ಇದನ್ನು ಹಿಡಿದವು. ನಮ್ಮ ನಾಡಿನಲ್ಲಿ ಇದು ಬೇಗ ಬೇರೂರಿದ್ದು ಸಹಜ. ಪಿತೃದೋಷ, ನಾಗದೋಷ ಕೇಳಿ ಬೆಳೆದವರಿಗೆ ಇದು ಹೊಸ ಅಂಗಡಿಯ ಹಳೆಯ ಸರಕು. ಫ್ರಾನ್ಸಿನ ಬಿಷಪರು 2007ರಲ್ಲಿ, ಸ್ಪೇನಿನ ಬಿಷಪರ ಸಿದ್ಧಾಂತ ಆಯೋಗ 2024ರಲ್ಲಿ, ಈ ಪದ್ಧತಿಯನ್ನು ಪ್ರಶ್ನಿಸಿ ಟಿಪ್ಪಣಿ ಹೊರಡಿಸಿದವು. ಪಾಪ ಯಾವಾಗಲೂ ವ್ಯಕ್ತಿಯದು, ತಲೆಮಾರಿನಿಂದ ಬರುವುದು ಜನ್ಮಪಾಪವೊಂದೇ, ಅದೂ ದೀಕ್ಷೆಯಲ್ಲಿ ತೀರಿತು ಎಂಬುದು ಅವರ ಸಾರ.

ಬಳುವಳಿಯಾಗಿ ಏನೂ ಬರುವುದಿಲ್ಲವೆಂದು ಇದರರ್ಥವಲ್ಲ. ಕುಡುಕ ಅಪ್ಪನ ಮನೆಯಲ್ಲಿ ಬೆಳೆದ ಮಗ ಬಾಟಲಿಯನ್ನೋ, ಬಾಟಲಿಯ ಭಯವನ್ನೋ ಹೊತ್ತು ಬರುತ್ತಾನೆ. ಹೊಡೆತ ತಿಂದ ತಾಯಿಯ ಮೌನ ಮಗಳಿಗೆ ಇಳಿಯುತ್ತದೆ. ಗಾಯ ಇಳಿದು ಬರುತ್ತದೆ, ಋಣವೂ ಬರುತ್ತದೆ, ತೀರ್ಪು ಬರುವುದಿಲ್ಲ. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪಾಲ್ ಧರ್ಮಸಭೆಯ ಮಕ್ಕಳು ಹಿಂದೆ ಮಾಡಿದ ತಪ್ಪುಗಳಿಗೆ ದೇವರ ಕ್ಷಮೆ ಬೇಡಿದರು. 2019ರ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿಯ ಅಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜಲಿಯನ್‌ವಾಲಾ ಬಾಗಿನ ನೆಲದ ಮೇಲೆ ಉದ್ದಕ್ಕೆ ಮಲಗಿದರು. 1919ರ ಗುಂಡು ಹಾರಿಸಿದವರು ಅವರಲ್ಲ, ಆಗ ಅವರು ಹುಟ್ಟಿಯೂ ಇರಲಿಲ್ಲ. ಹಿರಿಯರ ಸಾಲವನ್ನು ತಾನಾಗಿ ಹೆಗಲಿಗೇರಿಸಿಕೊಳ್ಳುವುದು ಅದು. ಬಲವಿರುವವನು ತಾನಾಗಿ ಹೊತ್ತರೆ ಸರಿ. ಹಾಸಿಗೆ ಹಿಡಿದ ರೋಗಿಯ ಮೇಲೆ ಹೊರಿಸಿದರೆ ಕ್ರೌರ್ಯ. ಮೂರ್ಛೆರೋಗದ ಹುಡುಗಿಯ ಮುಂದೆ ಅವಳ ಅಜ್ಜಿಯ ಪಾಪ ಎಣಿಸುವವರು ಈ ವ್ಯತ್ಯಾಸವನ್ನು ಅರಿತಿಲ್ಲ.

ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಅಪರಾಧವೆನ್ನುತ್ತದೆ. ಅದು ಎಲ್ಲ ಧರ್ಮದವರಿಗೂ ಅನ್ವಯ. ಆದರೆ ಕಾಯ್ದೆ ಹೊಡೆತವನ್ನು ತಡೆಯಬಲ್ಲದು, ಮಾತನ್ನು ತಡೆಯಲಾರದು. ಆದ್ದರಿಂದ ಕಾಡುಗೋಡಿಯ ಸುತ್ತ ಸೇವೆ ಮಾಡುತ್ತಿರುವ ಸಭಾಪಾಲಕರಲ್ಲಿ, ಗುರುಗಳಲ್ಲಿ, ಪ್ರಾರ್ಥನಾ ಗುಂಪುಗಳ ಹಿರಿಯರಲ್ಲಿ ಒಂದು ವಿನಂತಿಯಿದೆ. ಪ್ರಾರ್ಥನೆಗೆಂದು ಬಂದ ರೋಗಿಯ ಕೈಗೆ ವಂಶವೃಕ್ಷದ ಹಾಳೆ ಕೊಡಬೇಡಿ. ಯಾಕೋಬನ ಪತ್ರಿಕೆ ಹೇಳಿದಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಿ. ಮರುದಿನ ಬೆಳಿಗ್ಗೆ ನಿಮ್ಹಾನ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಹೋಗುವಾಗ ಮೆಟ್ರೊ ಹತ್ತಿಸಿ ಕೈ ಬೀಸಿದರೆ ಸಾಲದು. ಸಭೆಯಿಂದ ಒಬ್ಬರನ್ನು ಜೊತೆಗೆ ಕಳಿಸಿ. ವೈದ್ಯರು ಬರೆದ ಮಾತ್ರೆ ನಿಲ್ಲಿಸಲು ಮಾತ್ರ, ದಯವಿಟ್ಟು, ಯಾರಿಗೂ ಹೇಳಬೇಡಿ.